ಮಿನಿ ಟ್ರ್ಯಾಕ್ಟರ್ ಸಾಗಿಸುವಾಗ ಕಟ್ಟುವುದು ಹೇಗೆ?

ಅಡಿಕೆ, ದಾಳಿಂಬೆ, ದ್ರಾಕ್ಷಿ ತೋಟದ ಸಾಲುಗಳ ನಡುವೆ ಓಡಾಡುವ ಮಿನಿ ಟ್ರ್ಯಾಕ್ಟರ್‌ಗಳು ಈಗ ಊರೂರಲ್ಲೂ ಇವೆ. ಬಾಡಿಗೆ ಕೆಲಸಕ್ಕೆ ದೂರದ ಊರಿಗೆ ಹೋಗುವಾಗ, ಸರ್ವಿಸ್‌ಗೆ ತರುವಾಗ ಅವು ಪಿಕಪ್ ಮೇಲೋ ಟ್ರೈಲರ್ ಮೇಲೋ ಬರುತ್ತವೆ. ನಮ್ಮ ವರ್ಕ್‌ಶಾಪಿಗೆ ಬರುವ ಕೆಲವು ಗಾಡಿಗಳನ್ನು ನೋಡಿದರೆ ಎದೆ ಝಲ್ ಎನ್ನುತ್ತದೆ. ಒಂದು ಹಳೇ ನೈಲಾನ್ ಹಗ್ಗ, ಚಕ್ರದ ಮುಂದೆ ಒಂದು ಕಲ್ಲು, ಸೀಟಿನ ಮೇಲೆ ಬ್ರೇಕ್ ತುಳಿದುಕೊಂಡು ಕೂತ ಒಬ್ಬ ಹುಡುಗ. ಕೇಳಿದರೆ "ಹ್ಯಾಂಡ್‌ಬ್ರೇಕ್ ಹಾಕಿದೀವಿ ಸಾರ್, ಗೇರಲ್ಲೂ ಇದೆ, ಎಲ್ಲೂ ಹೋಗಲ್ಲ" ಅನ್ನುತ್ತಾರೆ.

ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಚಕ್ರ ಉರುಳದಂತೆ ತಡೆಯುತ್ತದೆ, ಅಷ್ಟೆ. ಉರುಳದ ಚಕ್ರ ಜಾರಬಹುದು. ಕೆಸರು ಮೆತ್ತಿದ ಟಯರು, ಕೆಳಗೆ ನುಣುಪಾದ ಕಬ್ಬಿಣದ ಶೀಟು, ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಸಾಕು. ಇನ್ನೊಂದು ವಿಷಯ: ಈ ಟ್ರ್ಯಾಕ್ಟರ್‌ಗಳಿಗೆ ಕಾರಿನ ಹಾಗೆ ಸಸ್ಪೆನ್ಷನ್ ಇಲ್ಲ. ಟಯರಿನ ಗಾಳಿಯೇ ಸ್ಪ್ರಿಂಗ್. ಗಾಡಿ ಹಂಪ್ ಹಾರಿದಾಗ ಟ್ರ್ಯಾಕ್ಟರ್ ಪುಟಿಯುತ್ತದೆ, ಆ ಕ್ಷಣ ಟಯರಿಗೂ ಶೀಟಿಗೂ ಹಿಡಿತವೇ ಇರುವುದಿಲ್ಲ.

ಸ್ವಲ್ಪ ಲೆಕ್ಕ ನೋಡೋಣ. 24–27 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ಮಾಡೆಲ್ ನೋಡಿಕೊಂಡು 600ರಿಂದ 900 ಕೆಜಿ ತೂಗುತ್ತದೆ. ಹಿಂದೆ ಜೋಡಿಸಿ ಮಣ್ಣು ಹದ ಮಾಡುವ ರೋಟವೇಟರ್ ಸೇರಿದರೆ ಸಾವಿರ ಕೆಜಿ ಅಂತ ಇಟ್ಟುಕೊಳ್ಳಿ. ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಶೇ. 80ರಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಶೇ. 50ರಷ್ಟು ಬಲದಿಂದ ಪಕ್ಕಕ್ಕೆ ಎಳೆಯುತ್ತದೆ ಎಂದು ಹಿಡಿದುಕೊಂಡೇ ಕಟ್ಟಬೇಕು. ಅಂದರೆ 800 ಕೆಜಿ ಬಲ ನೇರ ಡ್ರೈವರ್ ಬೆನ್ನಿನ ಕಡೆಗೆ! ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಇಳಿಯುವಾಗ ಪ್ರತಿ ತಿರುವಿನಲ್ಲೂ ಬ್ರೇಕು, ವಾಲುವುದು ಎರಡೂ ಒಟ್ಟಿಗೇ ಬರುತ್ತವೆ. ಹಳೇ ಹಗ್ಗ ಇದನ್ನೆಲ್ಲ ತಡೆಯುತ್ತದೆ ಅಂತ ಯಾರು ಹೇಳುತ್ತಾರೆ?

ಕಟ್ಟುವ ಮೊದಲು ಹತ್ತಿಸಬೇಕಲ್ಲ. ಇಲ್ಲಿ ಬ್ರೇಕ್ ಪೆಡಲ್‌ಗಳ ಒಂದು ಚಿಕ್ಕ ಲಾಕ್ ಪಟ್ಟಿಯ ಬಗ್ಗೆ ಹೇಳಲೇಬೇಕು. ಟ್ರ್ಯಾಕ್ಟರಿಗೆ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬ್ರೇಕ್ ಪೆಡಲ್ ಇರುತ್ತದೆ. ಹೊಲದಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸಲು ಒಂದನ್ನೇ ತುಳಿಯುತ್ತೇವೆ. ಎರಡೂ ಪೆಡಲ್ ಜೋಡಿಸುವ ಲಾಕ್ ಪಟ್ಟಿ ಅಲ್ಲೇ ಇರುತ್ತದೆ. ಹೊಲದಿಂದ ಸೀದಾ ಬಂದು ಅದನ್ನು ಹಾಕದೇ ರ‍್ಯಾಂಪ್ ಹತ್ತಿದಿರಿ ಅಂದುಕೊಳ್ಳಿ. ಮಧ್ಯದಲ್ಲಿ ಗಾಬರಿಯಾಗಿ ಬ್ರೇಕ್ ತುಳಿದರೆ ಒಂದೇ ಚಕ್ರ ನಿಲ್ಲುತ್ತದೆ, ಟ್ರ್ಯಾಕ್ಟರ್ ಪಕ್ಕಕ್ಕೆ ತಿರುಗಿ ರ‍್ಯಾಂಪಿನಿಂದ ಕೆಳಗೆ ಬೀಳುತ್ತದೆ. ಹತ್ತುವ ಮುಂಚೆ ಬಗ್ಗಿ, ಆ ಪಟ್ಟಿ ಕೂತಿದೆಯಾ ಅಂತ ಕೈಯಲ್ಲೇ ಮುಟ್ಟಿ ನೋಡಿ. ರ‍್ಯಾಂಪ್ ಹಲಗೆಗಳನ್ನು ಗಾಡಿಗೆ ಪಿನ್ನಿನಿಂದಲೋ ಚೈನಿನಿಂದಲೋ ಬಿಗಿಯಿರಿ. ರೋಟವೇಟರ್ ಬಿಚ್ಚಿ ಬೇರೆಯಾಗಿ ಇಡುವುದೇ ಒಳ್ಳೇದು. ಹಿಂದೆ ಅದು ತೂಗುತ್ತಿರುವಾಗ ಮುಮ್ಮುಖವಾಗಿ ಹತ್ತಿದರೆ ಮೂತಿ ಮೇಲೇಳುತ್ತದೆ. ಬಿಚ್ಚಲು ಆಗದಿದ್ದರೆ ಅದನ್ನು ಪೂರ್ತಿ ಎತ್ತಿ, ರಿವರ್ಸಿನಲ್ಲಿ ನಿಧಾನವಾಗಿ ಹತ್ತಿಸಿ.

ಎರಡು ಚಕ್ರದ ಟ್ರೈಲರ್ ಆದರೆ ತೂಕ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಬೀಳಬೇಕು. ಒಟ್ಟು ತೂಕದ ಹತ್ತನೇ ಒಂದು ಭಾಗವಾದರೂ ಕೊಂಡಿಯ ಮೇಲೆ ಇರಲಿ. ಭಾರ ಹಿಂದೆ ಬಿದ್ದರೆ ಕೊಂಡಿ ಮೇಲಕ್ಕೆಳೆಯುತ್ತದೆ, ಸ್ವಲ್ಪ ವೇಗ ಬಂದ ಕೂಡಲೇ ಟ್ರೈಲರ್ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ.

ಈಗ ಕಟ್ಟುವ ವಿಷಯ. ಎಂಜಿನ್ ಆಫ್, ಲೋ ಗೇರ್, ಹ್ಯಾಂಡ್‌ಬ್ರೇಕ್, ಚಕ್ರಗಳಿಗೆ ಮರದ ಬೆಣೆ. 4 ವೀಲ್ ಡ್ರೈವ್ ಇದ್ದರೆ ಅದನ್ನೂ ಹಾಕಿಡಿ. ಆಮೇಲೆ ನಾಲ್ಕು ಮೂಲೆಗೆ ನಾಲ್ಕು ಬೆಲ್ಟ್ ಅಥವಾ ಚೈನು. ಮುಂದಿನವು ಮುಂದಕ್ಕೂ ಹೊರಕ್ಕೂ ಎಳೆಯಬೇಕು, ಹಿಂದಿನವು ಹಿಂದಕ್ಕೂ ಹೊರಕ್ಕೂ. ಬ್ರೇಕ್ ಹಾಕಿದಾಗ ಟ್ರ್ಯಾಕ್ಟರನ್ನು ಹಿಡಿದುಕೊಳ್ಳುವುದು ಗಾಡಿಯ ಹಿಂಬದಿಗೆ ಎಳೆಯುವ ಆ ಎರಡು ಬೆಲ್ಟ್. ಜಾಸ್ತಿ ಜನ ಮುಂದುಗಡೆ ಗಟ್ಟಿಯಾಗಿ ಕಟ್ಟಿ ಹಿಂದುಗಡೆ ಸುಮ್ನೆ ಒಂದು ಸುತ್ತು ಹಾಕುತ್ತಾರೆ. ಸರಿಯಾಗಿ ಉಲ್ಟಾ!

ಬೆಲ್ಟನ್ನು ಬಾನೆಟ್ ಮೇಲಿಂದಲೋ ಸೀಟಿನ ಮೇಲಿಂದಲೋ ಹಾಯಿಸಿ ಎರಡೂ ಕಡೆ ಎಳೆದುಬಿಟ್ಟರೆ ಆಯ್ತು ಅಂತ ತಿಳಿಯಬೇಡಿ. ಹಿಡಿ ಆಡಿಸಿ ಬಿಗಿ ಮಾಡುವ, 50 ಎಂಎಂ ಅಗಲದ ರ‍್ಯಾಚೆಟ್ ಬೆಲ್ಟನ್ನು ಕೈಯಲ್ಲಿ ಎಷ್ಟೇ ಜಗ್ಗಿದರೂ ಅದರಲ್ಲಿ ಬರುವ ಬಿಗಿ 300 ಕೆಜಿ ಆಸುಪಾಸು. ಮೇಲಿಂದ ಹಾಕಿದಾಗ ಅದು ಟ್ರ್ಯಾಕ್ಟರನ್ನು ಕೆಳಕ್ಕೆ ಒತ್ತುತ್ತದೆ ಮಾತ್ರ, ತಡೆಯುವುದು ಮತ್ತೆ ಅದೇ ಟಯರಿನ ಹಿಡಿತ. ಟ್ರ್ಯಾಕ್ಟರಿನ ಗಟ್ಟಿ ಕಬ್ಬಿಣದಿಂದ ಗಾಡಿಯ ಗಟ್ಟಿ ಕಬ್ಬಿಣಕ್ಕೆ ನೇರ ಕಟ್ಟಿದರೆ ಬೆಲ್ಟಿನ ಪೂರ್ತಿ ಶಕ್ತಿ ಕೆಲಸಕ್ಕೆ ಬರುತ್ತದೆ. ಕೊಳ್ಳುವಾಗ ಲೇಬಲ್ ಓದಿ. "5 ಟನ್" ಅಂತ ದೊಡ್ಡದಾಗಿ ಬರೆದಿರುವುದು ಸಾಮಾನ್ಯವಾಗಿ ಬೆಲ್ಟ್ ಹರಿಯುವ ಮಟ್ಟ. ನಂಬಬಹುದಾದ ಲೋಡ್ ಅದರ ಅರ್ಧ ಅಥವಾ ಇನ್ನೂ ಕಡಿಮೆ. ಅಂಚಿನಲ್ಲಿ ದಾರ ಎದ್ದಿರುವ, ಹರಿದು ಗಂಟು ಹಾಕಿರುವ ಬೆಲ್ಟನ್ನು ಎಸೆಯಿರಿ. ಚೂಪು ಅಂಚಿಗೆ ತಾಗುವಲ್ಲಿ ಹಳೇ ಟ್ಯೂಬಿನ ತುಂಡು ಇಡಿ.

ಎಲ್ಲಿಗೆ ಕೊಕ್ಕೆ ಹಾಕಬೇಕು? ಮುಂದೆ ಆಕ್ಸಲ್ ಹಿಡಿದಿರುವ ಗಟ್ಟಿ ಎರಕದ ಭಾಗ, ಹಿಂದೆ ಆಕ್ಸಲ್ ಹೌಸಿಂಗ್ ಅಥವಾ ಡ್ರಾಬಾರ್ (ಟ್ರೈಲರ್ ಎಳೆಯುವ ಪಟ್ಟಿ) ಬ್ರಾಕೆಟ್. ಮ್ಯಾನ್ಯುಯಲ್‌ನಲ್ಲಿ ಜಾಗ ತೋರಿಸಿದ್ದರೆ ಅದೇ ಸರಿ. ಸ್ಟೀರಿಂಗ್ ರಾಡು, ಮಡ್‌ಗಾರ್ಡು, ಫುಟ್‌ಬೋರ್ಡು, ಹಿಂದಿನ ಲಿಫ್ಟ್ ಆರ್ಮು, ಇವುಗಳಿಗೆ ಬೇಡವೇ ಬೇಡ. ಲಿಫ್ಟ್ ಆರ್ಮ್ ಹೈಡ್ರಾಲಿಕ್ ಮೇಲೆ ನಿಂತಿರುವಂಥದ್ದು. ದಾರಿಯಲ್ಲಿ ಎಣ್ಣೆ ಇಳಿದು ಆರ್ಮ್ ಕೆಳಗಾದರೆ ಬೆಲ್ಟ್ ಪೂರ್ತಿ ಸಡಿಲ. ಅದಕ್ಕೇ ರೋಟವೇಟರನ್ನೂ ಮೇಲೆತ್ತಿ ಬಿಡಬಾರದು. ಅದನ್ನು ನೆಲಕ್ಕೆ ಕೂರಿಸಿ ಬೇರೆ ಬೆಲ್ಟಿನಿಂದ ಕಟ್ಟಬೇಕು.

ಗಾಡಿಯ ಕಡೆಯೂ ಅಷ್ಟೇ ಮುಖ್ಯ. ಪಿಕಪ್ ಬಾಡಿಯ ಪಕ್ಕದಲ್ಲಿ ಸಾಲಾಗಿ ಇರುವ ಚಿಕ್ಕ ಕೊಕ್ಕೆಗಳು ಟಾರ್ಪಾಲಿನ ಹಗ್ಗಕ್ಕೆ. ಸಾವಿರ ಕೆಜಿಯ ಯಂತ್ರಕ್ಕಲ್ಲ. ಪದೇ ಪದೇ ಟ್ರ್ಯಾಕ್ಟರ್ ಸಾಗಿಸುವವರು ಒಳ್ಳೆಯ ಫ್ಯಾಬ್ರಿಕೇಟರ್ ಹತ್ತಿರ ಹೋಗಿ, ನೆಲದಡಿಯ ಕ್ರಾಸ್ ಮೆಂಬರಿಗೆ (ಅಡ್ಡ ತೊಲೆಗೆ) ನಾಲ್ಕು ಗಟ್ಟಿ ರಿಂಗ್ ಹಾಕಿಸಿಕೊಳ್ಳಿ. ಶೀಟಿಗೆ ಮಾತ್ರ ವೆಲ್ಡ್ ಮಾಡಿದ ರಿಂಗು ಶೀಟನ್ನೇ ಕಿತ್ತುಕೊಂಡು ಬರುತ್ತದೆ.

ಹಿಂದಿನ ಡೋರ್ ತೆರೆದಿಟ್ಟು ಅರ್ಧ ಟ್ರ್ಯಾಕ್ಟರನ್ನು ಹೊರಗೆ ಬಿಟ್ಟುಕೊಂಡು ಹೋಗುವವರಿಗೆ ಒಂದು ಮಾತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, ಮಿತಿ ಮೀರಿ ಹೊರಚಾಚಿದ ಲೋಡಿಗೆ 20,000 ರೂಪಾಯಿ ದಂಡವಿದೆ. ಓವರ್‌ಲೋಡಿಗೆ 20,000, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಸೀಟಿನ ಮೇಲೆ ಯಾರನ್ನೂ ಕೂರಿಸಬೇಡಿ, ಎರಡು ಕಿಲೋಮೀಟರ್ ದಾರಿಯಾದರೂ ಸರಿ. ಬೆಲ್ಟ್ ಹರಿದರೆ ಆ ಹುಡುಗನ ಕಾಲಿನ ಬಲದಿಂದ ಏನೂ ಆಗುವುದಿಲ್ಲ, ಟ್ರ್ಯಾಕ್ಟರಿನ ಜೊತೆ ಅವನೂ ಬೀಳುತ್ತಾನೆ.

ಹೊರಟು ಐದಾರು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ. ಟಯರು ಕೂತು ಬೆಲ್ಟ್ ಸಡಿಲವಾಗಿರುತ್ತದೆ, ಮೊದಲ ಸಲ ಬಹುಪಾಲು ಹೀಗೇ ಆಗುವುದು. ಮತ್ತೆ ಬಿಗಿ ಮಾಡಿ. ಕೆಟ್ಟ ರಸ್ತೆ ದಾಟಿದ ಮೇಲೆ, ಘಾಟಿ ಇಳಿಯುವ ಮೊದಲು ಇನ್ನೊಮ್ಮೆ ನೋಡಿ.

ಇಳಿಸುವಾಗ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ದಾರಿಯಲ್ಲಿ ಟ್ರ್ಯಾಕ್ಟರ್ ಸರಿದು ಬೆಲ್ಟಿನ ಮೇಲೇ ಒರಗಿರಬಹುದು. ರ‍್ಯಾಚೆಟ್ ಬಿಡುವ ಮೊದಲು ಹ್ಯಾಂಡ್‌ಬ್ರೇಕ್ ಹಿಡಿದಿದೆಯಾ ನೋಡಿ, ಟ್ರ್ಯಾಕ್ಟರ್ ಜಾರುವ ದಿಕ್ಕಿನಲ್ಲಿ ನಿಲ್ಲಬೇಡಿ. ಬೆಣೆ ತೆಗೆಯುವುದು ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ತುಳಿದ ಮೇಲೆ.