ಒದ್ದೆಯಾಗದ ಎಲೆ, ಪರಾಗ ಬೇಡದ ಬೀಜ

ಜೂನ್ ತಿಂಗಳಲ್ಲಿ ಬ್ರಿಟನ್ನಿನ ಹಳೆಯ ಕೈತೋಟಗಳಿಗೆ ಹೋದರೆ ಕಾಲುದಾರಿಯ ಅಂಚಿನಲ್ಲಿ ಈ ಗಿಡ ಕಣ್ಣಿಗೆ ಬೀಳದೆ ಇರುವುದು ಅಪರೂಪ. ಎತ್ತರ ಮೊಣಕಾಲಿನಷ್ಟು, ಅಷ್ಟೇ. ಅಂಗೈಯಗಲದ ದುಂಡನೆಯ ಎಲೆಗಳು ಒಂದರ ಮೇಲೊಂದು ಒರಗಿ, ಕೆಳಗಿನ ಮಣ್ಣು ಕಾಣದಂತೆ ಹರಡಿಕೊಂಡಿರುತ್ತವೆ. ಅವುಗಳ ಮೇಲಿಂದ ಹಳದಿ ಬೆರೆತ ಎಳೆಹಸಿರು ಹೂಗೊಂಚಲುಗಳು ದಾರಿಯತ್ತ ಬಾಗಿರುತ್ತವೆ. ಇಂಗ್ಲಿಷಿನವರು ಇದನ್ನು ಲೇಡೀಸ್ ಮ್ಯಾಂಟಲ್ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಆಲ್ಕೆಮಿಲ್ಲಾ ಮಾಲಿಸ್. ಗುಲಾಬಿ, ಸೇಬು, ಸ್ಟ್ರಾಬೆರಿಗಳ ಕುಟುಂಬವೇ ಇದರದ್ದೂ. ನರ್ಸರಿಯವರು ಹೂವಿನ ಚಿತ್ರ ತೋರಿಸಿ ಮಾರುತ್ತಾರೆ. ಆದರೆ ಇದನ್ನು ನೆಡಬೇಕಾದದ್ದು ಎಲೆಗಾಗಿ, ಆ ಎಲೆ ನೆಲಕ್ಕೆ ಮಾಡುವ ಉಪಕಾರಕ್ಕಾಗಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೂವನ್ನಂತೂ ಹೊತ್ತಿಗೆ ಸರಿಯಾಗಿ ಕತ್ತರಿಸಲೇಬೇಕು. ಅದಕ್ಕೆ ಕಾರಣ ಸಸ್ಯವಿಜ್ಞಾನದ ಒಂದು ಸೋಜಿಗ; ಅದರ ಮಾತು ಆಮೇಲೆ.

ಇದರ ತವರು ಕಾರ್ಪೇಥಿಯನ್ ಬೆಟ್ಟಗಳು, ಉತ್ತರ ಟರ್ಕಿ, ಕಾಕಸಸ್ ಮತ್ತು ಇರಾನ್. ಅಲ್ಲಿ ತೊರೆಯ ದಂಡೆ, ಬೆಟ್ಟದ ಹುಲ್ಲುಗಾವಲು, ಕಾಡಿನಂಚಿನ ಅರೆನೆರಳಿನಲ್ಲಿ ಬೆಳೆಯುತ್ತದೆ. ಬ್ರಿಟನ್ನಿನ ತೋಟಗಳಿಗೆ ಬಂದದ್ದು 1874ರ ಹೊತ್ತಿಗೆ. ಬೇಲಿ ದಾಟಿ ಕಾಡು ನೆಲದಲ್ಲಿ ತಾನೇ ಬೆಳೆದು ನಿಂತದ್ದನ್ನು ಸಸ್ಯತಜ್ಞರು ಮೊದಲು ದಾಖಲಿಸಿದ್ದು 1948ರಲ್ಲಿ. ಚಳಿಗಾಲದಲ್ಲಿ ಎಲೆಗಳೆಲ್ಲ ಕಂದಿ ನೆಲಕ್ಕೆ ಬೀಳುತ್ತವೆ. ಬೇರಿನ ಬುಡದ ದಪ್ಪ ಕಾಂಡ ಮಾತ್ರ ಹಿಮದಡಿಯಲ್ಲಿ ಜೀವ ಹಿಡಿದು ಕೂತಿರುತ್ತದೆ. ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿದರೂ ಅದಕ್ಕೆ ಚಿಂತೆಯಿಲ್ಲ. ವಸಂತ ಬಂದೊಡನೆ ಸೀರೆಯ ನೆರಿಗೆಯಂತೆ ಮಡಿಚಿಕೊಂಡ ಪುಟ್ಟ ಎಲೆಗಳು ಮೇಲೆದ್ದು ಒಂದೊಂದೇ ಮಡಿಕೆ ಬಿಚ್ಚುತ್ತವೆ. ಪೂರ್ತಿ ಅರಳಿದ ಮೇಲೂ ಆ ಮಡಿಕೆಗಳ ಗುರುತು ಎಲೆಯಲ್ಲಿ ಉಳಿಯುತ್ತದೆ.

ಮಳೆ ನಿಂತ ಕೂಡಲೇ ಈ ಎಲೆಯನ್ನು ಹತ್ತಿರದಿಂದ ನೋಡಬೇಕು. ನೀರು ಅದರ ಮೇಲೆ ಹರಡುವುದಿಲ್ಲ. ಗುಂಡಗಿನ ಹನಿಗಳಾಗಿ ಮಡಿಕೆಗಳ ತಗ್ಗಿಗೆ ಉರುಳಿ ನಡುವೆ ಸೇರುತ್ತದೆ. ಹನಿಯ ತಳ ಬೆಳ್ಳಿಯ ಹಾಗೆ ಹೊಳೆಯುವುದಕ್ಕೆ ಕಾರಣ, ಹನಿಗೂ ಎಲೆಗೂ ನಡುವೆ ಸಿಕ್ಕಿಕೊಂಡ ಗಾಳಿಯ ತೆಳು ಪದರ. ಬೆಳಕು ಅಲ್ಲಿಂದ ಹಿಂದಕ್ಕೆ ಮರಳುತ್ತದೆ. ತಾವರೆ ಮತ್ತು ಕೆಸುವಿನ ಎಲೆಗಳಲ್ಲಿ ನಾವು ಚಿಕ್ಕಂದಿನಿಂದ ಕಂಡದ್ದೇ ಇದು ಎನಿಸುತ್ತದೆ. ನೋಟ ಒಂದೇ, ಉಪಾಯ ಮಾತ್ರ ಬೇರೆ.

ತಾವರೆ ಎಲೆಯ ಗುಟ್ಟನ್ನು ಜರ್ಮನಿಯ ಬಾನ್ ನಗರದ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ವಿವರವಾಗಿ ಬಿಡಿಸಿ ತೋರಿಸಿದರು. ಆ ಎಲೆಯ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು, ಉಬ್ಬುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳು. ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ. ಹನಿ ಉಬ್ಬುಗಳ ತುದಿಯ ಮೇಲಷ್ಟೇ ಕೂತು ಜಾರಿಹೋಗುತ್ತದೆ. ಲೇಡೀಸ್ ಮ್ಯಾಂಟಲ್ ಎಲೆಯನ್ನು ಮಸೂರದಡಿ ಇಟ್ಟರೆ ಕಾಣುವುದು ನವಿರಾದ ಕೂದಲುಗಳ ಹಾಸು. ಸೋಜಿಗವೆಂದರೆ ಆ ಕೂದಲು ನೀರನ್ನು ದೂರ ತಳ್ಳುವ ಜಾತಿಯದಲ್ಲ. ಒಂದೇ ಒಂದು ಕೂದಲನ್ನು ನೀರಿಗೆ ಮುಟ್ಟಿಸಿದರೆ ನೀರು ಅದಕ್ಕೆ ಅಂಟಿಕೊಳ್ಳುತ್ತದೆ. ನೀರಿಗೆ ಅಂಟುವ ಕೂದಲುಗಳ ಹಾಸು ನೀರನ್ನು ಎತ್ತಿ ಹಿಡಿಯುವುದು ಹೇಗೆ? 2004ರಲ್ಲಿ ಜರ್ಮನಿಯ ಭೌತವಿಜ್ಞಾನಿಗಳಾದ ಆಟನ್ ಮತ್ತು ಹೆರ್ಮಿಂಗ್‌ಹೌಸ್ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಕೂದಲುಗಳು ಬಿಗುಪುಳ್ಳವು, ಸುಲಭವಾಗಿ ಬಾಗುವುದಿಲ್ಲ. ಹನಿ ಕೆಳಗಿಳಿದು ಎಲೆಯ ಮೈ ಮುಟ್ಟಬೇಕಾದರೆ ಕೂದಲುಗಳನ್ನೆಲ್ಲ ಬಾಗಿಸಬೇಕು, ಅದಕ್ಕೆ ಶಕ್ತಿ ಖರ್ಚಾಗಬೇಕು. ಆ ಖರ್ಚು ಹನಿಗೆ ಗಿಟ್ಟುವುದಿಲ್ಲ. ಕೂದಲುಗಳ ಸ್ಥಿತಿಸ್ಥಾಪಕತೆಯೇ ಹನಿಯನ್ನು ಮೇಲೆತ್ತಿ ಹಿಡಿಯುತ್ತದೆ. ರಸಾಯನದ ಕೊರತೆಯನ್ನು ಯಂತ್ರಶಾಸ್ತ್ರ ತುಂಬಿಕೊಟ್ಟಿದೆ.

ಮಳೆನಾಡಿನ ಗಿಡಕ್ಕೆ ಇದು ಸೊಗಸಿನ ವಿಷಯವಲ್ಲ, ಬದುಕಿನ ವಿಷಯ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಸಾಗುವ ವೇಗ ಗಾಳಿಯಲ್ಲಿ ಸಾಗುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಎಲೆಯ ಉಸಿರುರಂಧ್ರಗಳ ಮೇಲೆ ನೀರಿನ ಪದರ ಕೂತರೆ ಗಿಡದ ಊಟಕ್ಕೇ ಅಡ್ಡಿ. ಬಹಳಷ್ಟು ಶಿಲೀಂಧ್ರಗಳ ಬೀಜಕಣ ಮೊಳೆಯುವುದಕ್ಕೂ ಅಂಥ ಪದರವೇ ಬೇಕು.

ಮಳೆಯೇ ಇಲ್ಲದ ಮುಂಜಾನೆಯಲ್ಲಿ ಇನ್ನೊಂದು ಬಗೆಯ ಹನಿ ಕಾಣುತ್ತದೆ. ಎಲೆಯಂಚಿನ ಪ್ರತಿ ಹಲ್ಲಿನ ತುದಿಗೂ ಒಂದೊಂದು ಬಿಂದು, ಅಳತೆ ಮಾಡಿ ಪೋಣಿಸಿಟ್ಟ ಹಾಗೆ. ಇಬ್ಬನಿಯೆಂದು ಹಲವರು ತಿಳಿಯುತ್ತಾರೆ. ಇಬ್ಬನಿಯಾದರೆ ಗಾಳಿಯಿಂದ ಬಂದು ಎಲೆಯ ಎಲ್ಲೆಡೆ ಕೂರಬೇಕಿತ್ತು. ಇದು ಗಿಡದೊಳಗಿನಿಂದಲೇ ಬಂದದ್ದು. ರಾತ್ರಿ ಉಸಿರುರಂಧ್ರ ಮುಚ್ಚಿದಾಗ ನೀರು ಆವಿಯಾಗುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಬೇರು ಮಾತ್ರ ಲವಣಗಳನ್ನು ಒಳಗೆಳೆದುಕೊಳ್ಳುತ್ತಲೇ ಇರುತ್ತದೆ, ಅವುಗಳ ಹಿಂದೆಯೇ ನೀರೂ ನುಗ್ಗುತ್ತದೆ. ಆ ಒತ್ತಡ ಹೆಚ್ಚಿದಾಗ ಎಲೆಯಂಚಿನ ವಿಶೇಷ ರಂಧ್ರಗಳಿಂದ ನೀರು ಹೊರಗೆ ಜಿನುಗುತ್ತದೆ. ನಮ್ಮ ಭತ್ತದ ಸಸಿಮಡಿಗಳಲ್ಲಿ ಬೆಳಗಿನ ಜಾವ ಪ್ರತಿ ಎಲೆಯ ತುದಿಯಲ್ಲಿ ನಿಲ್ಲುವ ಹನಿಯೂ ಇದೇ. ಹನಿಯಲ್ಲಿ ಅಲ್ಪಸ್ವಲ್ಪ ಲವಣ, ಸಕ್ಕರೆ ಕರಗಿರುತ್ತದೆ. ಹಿಂದೆ ಯುರೋಪಿನ ರಸವಾದಿಗಳು ಇದನ್ನು ಕೂಡಿಸಿಟ್ಟು ಕೀಳು ಲೋಹವನ್ನು ಚಿನ್ನ ಮಾಡಲು ಬಳಸುತ್ತಿದ್ದರೆಂದು ಹೇಳುವುದುಂಟು. ತೋಟಗಾರನಿಗೆ ಇದರಿಂದ ಸಿಗುವ ಸುದ್ದಿ ಅದಕ್ಕಿಂತ ಉಪಯುಕ್ತ: ಹನಿ ಕಂಡಿತೆಂದರೆ ಬೇರಿನ ಸುತ್ತ ತೇವ ಸಾಕಷ್ಟಿದೆ, ಆ ದಿನ ನೀರು ಹಾಕಬೇಕಿಲ್ಲ.

ಇನ್ನು ನೆಲದ ಮಾತು. ದೊಡ್ಡ ಮಳೆಹನಿ ನೆಲ ಮುಟ್ಟುವ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಬರಿಮಣ್ಣಿನ ಮೇಲೆ ಅದು ಬಿದ್ದರೆ ಮಣ್ಣಿನ ಸಣ್ಣ ಗಂಟುಗಳು ಒಡೆದು, ನುಣುಪು ಕಣಗಳು ಸಂದುಗಳನ್ನು ಮುಚ್ಚಿ, ಒಣಗಿದ ಮೇಲೆ ಹೆಪ್ಪುಗಟ್ಟುತ್ತವೆ. ಮುಂದಿನ ಮಳೆ ಇಂಗದೆ ಹರಿದುಹೋಗುತ್ತದೆ. ಬರಿಮಣ್ಣನ್ನು ಅಚ್ಚುಕಟ್ಟೆಂದು ಭಾವಿಸುವ ತೋಟಗಾರರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಎಲೆಗಳ ಹಾಸು ಹನಿಯ ಪೆಟ್ಟನ್ನು ತಾನು ತಿಂದು ನೀರನ್ನು ಮೆಲ್ಲಗೆ ಕೆಳಗಿಳಿಸುತ್ತದೆ. ಗುಲಾಬಿ ಗಿಡಗಳ ಬುಡಕ್ಕೆ ಲೇಡೀಸ್ ಮ್ಯಾಂಟಲ್ ನೆಡುವ ಇಂಗ್ಲಿಷ್ ರೂಢಿಯಲ್ಲಿ ಅಂದದ ಜೊತೆ ಇನ್ನೊಂದು ಲಾಭವೂ ಇದೆ. ಗುಲಾಬಿಯ ಕಪ್ಪುಚುಕ್ಕೆ ರೋಗದ ಬೀಜಕಣಗಳು ಹರಡುವುದು ಸಿಡಿಯುವ ನೀರಿನ ಮೂಲಕ. ಉದುರಿದ ರೋಗದ ಎಲೆಗಳನ್ನು ಆರಿಸಿ ತೆಗೆದು, ನೆಲ ಮುಚ್ಚಿಟ್ಟರೆ ಕೆಳಗಿನಿಂದ ಸಿಡಿಯುವುದು ತಗ್ಗುತ್ತದೆ.

ಕಳೆಯ ವಿಷಯದಲ್ಲಿ ಈ ಹಾಸಿನ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಹಲವು ಕಳೆಗಳ ಸಣ್ಣ ಬೀಜಗಳು ಮೊಳೆಯುವ ಮೊದಲು ಬೆಳಕನ್ನು ಪರೀಕ್ಷಿಸುತ್ತವೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕೆಂಪಿನಾಚೆಯ ಕಡುಗೆಂಪನ್ನು ಕೆಳಗೆ ಬಿಡುತ್ತದೆ. ಬೀಜದೊಳಗಿನ ಫೈಟೋಕ್ರೋಮ್ ಎಂಬ ವರ್ಣಕ ಈ ವ್ಯತ್ಯಾಸವನ್ನು ಗುರುತಿಸಿ, ಮೇಲೆ ಬೇರೆ ಗಿಡ ಈಗಾಗಲೇ ಇದೆ ಎಂದು ತಿಳಿದು, ಮೊಳಕೆಯನ್ನು ತಡೆದಿಡುತ್ತದೆ. ಬೀಜದಿಂದ ಬರುವ ಕಳೆಗೆ ಈ ಕಾವಲು ಸಾಕು. ಗರಿಕೆಯಂತೆ ನೆಲದಡಿ ಹಬ್ಬುವ ಬಹುವಾರ್ಷಿಕ ಕಳೆಗಳಿಗೆ ಸಾಲದು. ಅವನ್ನು ನೆಡುವ ಮೊದಲೇ ಬೇರುಸಹಿತ ಅಗೆದು ತೆಗೆಯಬೇಕು. ಚಳಿಗಾಲದಲ್ಲಿ ನೆಲ ಮತ್ತೆ ತೆರೆದುಕೊಳ್ಳುತ್ತದೆ ಎಂಬುದೂ ಈ ಗಿಡದ ಮಿತಿ. ಅದಕ್ಕೆ ನಡುನಡುವೆ ಡ್ಯಾಫೊಡಿಲ್ ಗೆಡ್ಡೆ ನೆಡುವವರಿದ್ದಾರೆ. ಡ್ಯಾಫೊಡಿಲ್ ಹೂ ಮುಗಿದು ಎಲೆ ಹಳದಿಗಟ್ಟುವ ಹೊತ್ತಿಗೆ ಲೇಡೀಸ್ ಮ್ಯಾಂಟಲ್ ಎಲೆ ಬಿಚ್ಚಿ ಅದನ್ನು ಮುಚ್ಚುತ್ತದೆ.

ಈಗ ಹೂವಿಗೆ ಬರೋಣ. ಒಂದು ಹೂವಿನ ಅಗಲ ಕೆಲವೇ ಮಿಲಿಮೀಟರ್. ಮಸೂರ ಹಿಡಿದರೆ ದಳಗಳೇ ಇಲ್ಲವೆಂದು ತಿಳಿಯುತ್ತದೆ. ನಾಲ್ಕು ಪುಷ್ಪಪತ್ರ, ಅವುಗಳ ಸಂದಿಯಲ್ಲಿ ಇನ್ನೂ ನಾಲ್ಕು ಪುಟ್ಟ ಪತ್ರ, ನಾಲ್ಕು ಕೇಸರ, ನಡುವೆ ಹೊಳೆಯುವ ಮಕರಂದದ ಬಳೆ. ಸಲಕರಣೆಯೆಲ್ಲ ಇದೆ, ಆದರೆ ಬೀಜ ಕಟ್ಟಲು ಪರಾಗ ಬೇಕಿಲ್ಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಸ್ವಾಂಟೆ ಮುರ್ಬೆಕ್ 1901ರಲ್ಲಿ ಆಲ್ಕೆಮಿಲ್ಲಾ ಕುಲದಲ್ಲಿ ಇದನ್ನು ಕಂಡುಹಿಡಿದರು. ಸಾಮಾನ್ಯವಾಗಿ ಅಂಡಕೋಶದಲ್ಲಿ ತಾಯಿಯ ವರ್ಣತಂತುಗಳ ಅರ್ಧವಷ್ಟೇ ಇರುತ್ತದೆ, ಉಳಿದರ್ಧ ಪರಾಗದಿಂದ ಬರುತ್ತದೆ. ಇಲ್ಲಿ ಅಂಡಕ್ಕೆ ತಾಯಿಯ ಪೂರ್ಣ ಪಾಲೇ ಸಿಗುತ್ತದೆ. ಗರ್ಭಧಾರಣೆಗೆ ಕಾಯದೆ, ಎಷ್ಟೋ ವೇಳೆ ಮೊಗ್ಗು ಬಿರಿಯುವ ಮೊದಲೇ, ಅದು ಭ್ರೂಣವಾಗಿ ಬೆಳೆಯತೊಡಗುತ್ತದೆ. ಹುಟ್ಟುವ ಪ್ರತಿ ಸಸಿಯೂ ತಾಯಿಯ ಪಡಿಯಚ್ಚು.

ಇದರ ಪರಿಣಾಮ ದೂರದವರೆಗೆ ಹೋಗುತ್ತದೆ. ಸಂಕರವಿಲ್ಲದ ಕಾರಣ ಒಂದು ವಂಶದಲ್ಲಿ ಕಾಣಿಸಿಕೊಂಡ ಸಣ್ಣ ವ್ಯತ್ಯಾಸ, ಎಲೆಯ ಹಲ್ಲಿನ ಆಕಾರವೋ ತೊಟ್ಟಿನ ರೋಮವೋ, ಕರಗಿಹೋಗದೆ ಹಾಗೆಯೇ ಮುಂದುವರಿಯುತ್ತದೆ. ಅಂಥ ವಂಶಗಳನ್ನೆಲ್ಲ ಬೇರೆ ಬೇರೆ ಪ್ರಭೇದಗಳೆಂದು ಹೆಸರಿಸಿ, ಯುರೋಪಿನಲ್ಲಿ ನೂರಾರು ಆಲ್ಕೆಮಿಲ್ಲಾಗಳ ಪಟ್ಟಿಯಾಗಿದೆ. ಉತ್ತರ ಇಂಗ್ಲೆಂಡಿನ ಟೀಸ್‌ಡೇಲ್ ಕಣಿವೆಯ ಹುಲ್ಲುಗಾವಲುಗಳು ಅವುಗಳಲ್ಲಿ ಕೆಲವು ಅಪರೂಪದವಕ್ಕೆ ಆಸರೆ.

ಕೈತೋಟದಲ್ಲಿ ಇದರರ್ಥ, ಜೇನುನೊಣ ಬರಲಿ ಬಿಡಲಿ, ಮಳೆ ಹಿಡಿಯಲಿ ಬಿಡಲಿ, ಬೀಜ ಕಟ್ಟಿಯೇ ತೀರುತ್ತದೆ. ಹಾಸುಗಲ್ಲಿನ ಸಂದು, ಜಲ್ಲಿಯ ದಾರಿ, ಪಕ್ಕದ ಪಾತಿ ಎಲ್ಲೆಡೆ ಸಸಿ ಏಳುತ್ತದೆ. ಬೇರೂರಿದ ಮೇಲೆ ಕೀಳುವುದು ಕಷ್ಟ. ಹಾಗಾಗಿ ಹೂವಿನ ಬಣ್ಣ ಕಂದುಗಟ್ಟಲು ತೊಡಗಿದ ಕೂಡಲೇ ಗೊಂಚಲುಗಳನ್ನು ಬುಡದಿಂದಲೇ ಕತ್ತರಿಸಬೇಕು. ನಾನಾದರೆ ಹಳೆಯ ಎಲೆಗಳನ್ನೂ ಜೊತೆಗೇ ತೆಗೆದುಬಿಡುತ್ತೇನೆ. ಒಂದೆರಡು ವಾರ ಗಿಡ ಬೋಳಾಗಿ ಕಾಣುತ್ತದೆ. ಒಮ್ಮೆ ಚೆನ್ನಾಗಿ ನೀರು ಕೊಟ್ಟರೆ ಹೊಸ ಎಲೆ ತುಂಬಿಕೊಂಡು ಶರತ್ಕಾಲದವರೆಗೆ ನೆಲ ಮುಚ್ಚಿರುತ್ತದೆ. ಜಾಗ ಚಿಕ್ಕದಾದರೆ, ಕೆಂಪು ತೊಟ್ಟಿನ ಕುಳ್ಳ ಪ್ರಭೇದ ಆಲ್ಕೆಮಿಲ್ಲಾ ಎರಿತ್ರೋಪೋಡಾ ಹೆಚ್ಚು ಹೊಂದುತ್ತದೆ.

ಕರ್ನಾಟಕದ ಬಯಲಿನ ತೋಟಗಳಿಗೆ ಈ ಗಿಡ ಹೇಳಿದ್ದಲ್ಲ. ಚಳಿಯ ನಿದ್ದೆಯಿಲ್ಲದೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದನ್ನು ಉಳಿಸಲು ಹೆಣಗುವುದು ಗಿಡಕ್ಕೂ ಹಿಂಸೆ. ನೀಲಗಿರಿ ಮತ್ತು ಪಳನಿ ಬೆಟ್ಟಗಳ ಎತ್ತರದಲ್ಲಿ ಇದೇ ಕುಲದ ಆಲ್ಕೆಮಿಲ್ಲಾ ಇಂಡಿಕಾ ತಾನಾಗಿ ಬೆಳೆಯುತ್ತದೆ, ಅದನ್ನು ಅಲ್ಲಿಯೇ ಬಿಡುವುದು ಒಳ್ಳೆಯದು. ಮಲೆನಾಡಿನ ಮತ್ತು ಬೆಂಗಳೂರಿನ ತೇವದ ಅರೆನೆರಳಿಗೆ ನಮ್ಮ ಒಂದೆಲಗವೇ ಇದೆ. ದುಂಡನೆಯ ಎಲೆ, ಗಿಣ್ಣುಗಳಲ್ಲಿ ಬೇರು ಬಿಡುತ್ತ ಹಬ್ಬುವ ಬಳ್ಳಿ. ನೆಲವನ್ನೂ ಮುಚ್ಚುತ್ತದೆ, ತಂಬುಳಿಗೂ ಆಗುತ್ತದೆ.

ಗ್ಲಾಸ್ಗೊ, ಟೊರಾಂಟೊ, ಸಿಯಾಟಲ್ ಕಡೆ ಮನೆ ಮಾಡಿಕೊಂಡ ಕನ್ನಡಿಗರು ಇದನ್ನು ಧೈರ್ಯವಾಗಿ ನೆಡಬಹುದು. ನೀರು ನಿಲ್ಲದ, ಆದರೆ ಪೂರ್ತಿ ಒಣಗದ ಮಣ್ಣು, ಬೆಳಗಿನ ಬಿಸಿಲು ಅಥವಾ ಅರೆನೆರಳು ಸಾಕು. ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರವಿರಲಿ. ದಟ್ಟವಾದ ಹಳೆಯ ಗುಂಪನ್ನು ವಸಂತದ ಆರಂಭದಲ್ಲಿ ಅಗೆದು, ಪ್ರತಿ ತುಂಡಿನಲ್ಲೂ ಬೇರು ಮತ್ತು ಚಿಗುರು ಇರುವಂತೆ ಸೀಳಿ ಬೇರೆಡೆ ನೆಡಬಹುದು. ಅಂಗಡಿಯಲ್ಲಿ ಹತ್ತಾರು ಕುಂಡ ಕೊಳ್ಳುವ ಅಗತ್ಯವೇ ಇಲ್ಲ. ಈ ಗಿಡ ಬೆಳೆಸಿರುವ ನೆರೆಯವರ ಜಲ್ಲಿದಾರಿಯಲ್ಲಿ ಎಳೆಯ ಸಸಿಗಳು ಸಿಗದೆ ಇರುವುದಿಲ್ಲ. ಬೇರೆ ಹೂಗಿಡಗಳ ಸಸಿ ತಾಯಿಯ ಹಾಗೆ ಬರುತ್ತದೆಂಬ ಭರವಸೆಯಿಲ್ಲ, ಇದರ ಸಸಿಗೆ ಆ ಭಯವಿಲ್ಲ. ಕೇಳಿದರೆ ಅವರು ಸಂತೋಷದಿಂದಲೇ ಕಿತ್ತುಕೊಡುತ್ತಾರೆ.