‘ನಿಜವಾಗ್ಲೂ ನಡೆದಿದ್ದು ಮೇಡಂ’

ಕಥಾ ಕಮ್ಮಟಗಳಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಕತೆ ಓದಿ ಮುಗಿದಿರುತ್ತದೆ. ಯಾರೋ ಒಬ್ಬರು ಸಂಕೋಚದಿಂದ, ‘ಕೊನೇಲಿ ಅವನು ಸಾಯೋದು ಯಾಕೋ ನಂಬೋಕೆ ಆಗ್ಲಿಲ್ಲ’ ಅನ್ನುತ್ತಾರೆ. ಬರೆದವರು ತಕ್ಷಣ ಎದ್ದು ಕೂರುತ್ತಾರೆ. ‘ಇಲ್ಲ ಮೇಡಂ, ಅದು ನಿಜವಾಗ್ಲೂ ನಡೆದಿದ್ದು.’ ಅಲ್ಲಿಗೆ ಮಾತು ಮುಗಿಯಿತು. ನಡೆದದ್ದನ್ನು ನಡೆದಿಲ್ಲ ಅನ್ನೋಕೆ ನಾವ್ಯಾರು? ಎಲ್ಲರೂ ಮಂಡಕ್ಕಿ ತಟ್ಟೆಗೆ ಕೈ ಹಾಕುತ್ತಾರೆ.

ದಾವಣಗೆರೆ ಆಗಲಿ, ಹರಿಹರ ಆಗಲಿ, ಚಿತ್ರದುರ್ಗ ಆಗಲಿ, ಎಲ್ಲಿ ಹೋದರೂ ಇದೇ ಕತೆ. ಬಿ.ಎಡ್ ಓದುವ ಹುಡುಗಿಯರು, ನಿವೃತ್ತ ಮೇಷ್ಟ್ರು, ಎಲ್‌ಐಸಿ ಏಜೆಂಟರು, ರಜೆ ಹಾಕಿ ಬಂದ ಬಸ್ ಕಂಡಕ್ಟರು, ಯಾರೇ ಇರಲಿ, ಈ ಒಂದು ಮಾತು ಎಲ್ಲರ ಜೇಬಿನಲ್ಲೂ ಇರುತ್ತದೆ. ಪಾತ್ರ ಕಟ್ಟುವುದು, ಸಂಭಾಷಣೆ ಬರೆಯುವುದು, ಕತೆಯನ್ನು ಯಾರ ಬಾಯಲ್ಲಿ ಹೇಳಿಸಬೇಕು ಅನ್ನುವುದು, ಇದನ್ನೆಲ್ಲ ನಾನಿಲ್ಲಿ ಹೇಳಲು ಹೋಗುವುದಿಲ್ಲ. ಒಳ್ಳೆಯ ಕತೆಗಳನ್ನು ಓದುತ್ತಾ ಓದುತ್ತಾ ಅದು ಬರುತ್ತದೆ. ಇದೊಂದು ಮಾತ್ರ ಓದಿದರೂ ಹೋಗುತ್ತಿಲ್ಲ.

2022ರ ನವೆಂಬರಿನ ಒಂದು ಸುದ್ದಿ ನೆನಪು ಮಾಡಿಕೊಳ್ಳಿ. ಗದಗ ಜಿಲ್ಲೆಯ ರೈತರೊಬ್ಬರು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯಲ್ಲಿ 205 ಕೆಜಿ ಈರುಳ್ಳಿ ಮಾರಿದರು. ಸಾಗಣೆ, ಹಮಾಲಿ ಎಲ್ಲ ಕಳೆದು ಅವರ ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ರಸೀದಿಯ ಫೋಟೊ ಎಲ್ಲ ಕಡೆ ಹರಿದಾಡಿತು. ನಾವು ನಂಬಿದೆವು, ಹೊಟ್ಟೆ ಉರಿದುಕೊಂಡೆವು. ಈಗ ಇದನ್ನೇ ಒಂದು ಕತೆಯಲ್ಲಿ ಹಾಗೇ ಹಾಕಿ ನೋಡಿ. ‘ಕತೆಗಾರ ಸ್ವಲ್ಪ ಜಾಸ್ತಿ ಮಾಡಿದ’ ಅಂತಾರೆ. ಸುದ್ದಿಯಲ್ಲಿ ಊರು ಇತ್ತು, ಹೆಸರು ಇತ್ತು, ತಾರೀಖು ಇತ್ತು. ಅನುಮಾನ ಬಂದವರು ಹೋಗಿ ವಿಚಾರಿಸಬಹುದಿತ್ತು. ರಸೀದಿಯೇ ಸಾಕ್ಷಿ ಹೇಳುತ್ತಿತ್ತು. ಕತೆಗೆ ಈ ಅನುಕೂಲ ಇಲ್ಲ. ಕತೆ ಒಂಟಿಯಾಗಿ ಓದುಗನ ಮನೆಗೆ ಹೋಗುತ್ತದೆ. ‘ನಿಜವಾಗ್ಲೂ ನಡೆದಿದ್ದು’ ಅಂತ ಹೇಳೋಕೆ ನೀವು ಪ್ರತಿ ಮನೆಯ ಬಾಗಿಲಿಗೂ ಹೋಗೋಕಾಗಲ್ಲ, ಅಲ್ವಾ?

ಹಾಗಾದರೆ ಆ ಎಂಟು ರೂಪಾಯಿಯನ್ನು ಕತೆಯಲ್ಲಿ ನಂಬಿಸುವುದು ಹೇಗೆ? ಒಂದೊಂದೇ ಕಳೆಯುತ್ತಾ ಬರಬೇಕು. ಮಳೆಗೆ ನೆಂದ ಗಡ್ಡೆಗಳನ್ನು ಬೇರೆ ಹಾಕಿಸಬೇಕು. ತೂಕ ಮಾಡುವವನು ಮುಖ ನೋಡದೆ ಅಂಕಿ ಕೂಗಬೇಕು. ಇಳಿಸಿದ್ದಕ್ಕೆ ಇಷ್ಟು, ಲಾರಿಗೆ ಇಷ್ಟು ಅಂತ ಚೀಟಿ ಬರೆಯುವವನ ಪೆನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇಳಿಯಬೇಕು. ಓದುಗ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ, ಅಯ್ಯೋ ಇನ್ನೇನು ಉಳಿಯುತ್ತೆ ಇವನಿಗೆ, ಅಂತ ನಿಮಗಿಂತ ಮೊದಲೇ ಆ ಎಂಟು ರೂಪಾಯಿಗೆ ಬಂದು ನಿಂತಿರಬೇಕು. ಆಗ ಅದು ಅವನ ಲೆಕ್ಕ. ತನ್ನದೇ ಲೆಕ್ಕವನ್ನು ಯಾರೂ ಸುಳ್ಳು ಅನ್ನುವುದಿಲ್ಲ.

ಇದನ್ನು ಇನ್ನೊಂದು ರೀತಿಯಲ್ಲಿ ಹೇಳುತ್ತೇನೆ. ಒಂದೇ ಸಲಕ್ಕೆ ಇದು ತಲೆಗೆ ಹೋದದ್ದನ್ನು ನಾನು ನೋಡಿಲ್ಲ. ಬದುಕಿನಲ್ಲಿ ಒಬ್ಬ ಬೈಕಿನಿಂದ ಬಿದ್ದರೆ ಅದಕ್ಕೆ ರಸ್ತೆ ಮೇಲಿನ ಮರಳು ಕಾರಣ. ಕತೆಯಲ್ಲಿ ಬಿದ್ದರೆ ನೀವೇ ಕಾರಣ. ಮರಳು ಚೆಲ್ಲಿದವರೂ ನೀವೇ, ಬೈಕು ಆ ಕಡೆ ತಿರುಗಿಸಿದವರೂ ನೀವೇ. ಓದುಗನಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಅವನು ಕೇಳುವುದು ‘ಇದು ನಡೆಯಿತಾ’ ಅಂತಲ್ಲ, ‘ಇವನನ್ನು ಯಾಕೆ ಬೀಳಿಸಿದೆ’ ಅಂತ. ಅದಕ್ಕೆ ನೀವು ‘ನಮ್ಮ ಭಾವ ನಿಜವಾಗಿ ಬಿದ್ದಿದ್ರು’ ಅಂದರೆ ಅದು ಉತ್ತರವೇ ಅಲ್ಲ. ಅವನು ಕೇಳಿದ್ದೇ ಬೇರೆ, ನೀವು ಹೇಳಿದ್ದೇ ಬೇರೆ. ಸುಮಾರು 2300 ವರ್ಷಗಳ ಹಿಂದೆಯೇ ಗ್ರೀಸಿನ ಅರಿಸ್ಟಾಟಲ್ ಈ ಮಾತು ಹೇಳಿದ್ದಾನೆ. ನಂಬಿಕೆ ಬರದ ಸಾಧ್ಯಕ್ಕಿಂತ ನಂಬಿಕೆ ಬರುವ ಅಸಾಧ್ಯವೇ ವಾಸಿ ಅಂತ. ಅವನಿಗೂ ಯಾರೋ ‘ನಿಜವಾಗ್ಲೂ ನಡೆದಿದ್ದು’ ಅಂದಿರಬೇಕು.

ಹಿರಿಯೂರು ಕಡೆಯಿಂದ ಒಬ್ಬರು ಬಂದಿದ್ದರು. ನಡುವಯಸ್ಸಿನವರು, ಮೆತ್ತನೆಯ ಮಾತು, ಕಿಸೆಯಲ್ಲಿ ಎರಡು ಪೆನ್ನು. ಅವರ ಕತೆ ಮಾರಿಕಣಿವೆಯದು. ಪುಸ್ತಕಗಳಲ್ಲಿ ಅದರ ಹೆಸರು ವಾಣಿವಿಲಾಸ ಸಾಗರ. ಆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಕಳೆದ ಮೇಲೆ. ಕತೆಯಲ್ಲಿ ಒಬ್ಬ ಅಜ್ಜ ಇದ್ದಾನೆ. ಹುಡುಗನಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಕೋಡಿ ನೋಡಿದವನು. ಇನ್ನೊಂದು ಸಲ ನೋಡದೆ ಸಾಯಲ್ಲ ಅಂತ ಜೀವಮಾನ ಪೂರ್ತಿ ಹೇಳುತ್ತಾ ಬಂದವನು. ಆರು ಪುಟ ಬರ, ಬತ್ತಿದ ಬೋರ್‌ವೆಲ್, ಒಣಗಿದ ತೆಂಗು. ಕೊನೆಯ ಪ್ಯಾರಾದಲ್ಲಿ ಮೊಮ್ಮಗ ಓಡಿ ಬಂದು ‘ಅಜ್ಜಾ, ಕೋಡಿ ಬಿತ್ತು’ ಅನ್ನುತ್ತಾನೆ. ಅಜ್ಜ ನಗುತ್ತಾನೆ, ಕಣ್ಣು ಮುಚ್ಚುತ್ತಾನೆ. ಮುಗಿಯಿತು.

ಕೊನೆ ತೀರಾ ಸಿಹಿಯಾಯಿತು ಅಂತ ಒಬ್ಬ ಹುಡುಗಿ ಹೇಳಿದಳು. ಅವರಿಗೆ ಬೇಜಾರಾಯಿತು. ‘ಸುಳ್ಳಲ್ಲ ಮೇಡಂ. ನಮ್ಮಜ್ಜ ತೀರಿಕೊಂಡಿದ್ದು ಅವತ್ತೇ. ಬೇಕಾದ್ರೆ ಡೆತ್ ಸರ್ಟಿಫಿಕೇಟ್ ತೋರಿಸ್ತೀನಿ.’

ಎಲ್ಲರೂ ನಕ್ಕರು, ಅವರು ನಗಲಿಲ್ಲ. ಅವತ್ತು ಸಂಜೆ ಏನಾಯಿತು ಅಂತ ನಾನು ಕೇಳಿದೆ.

‘ಏನಾಗೋದು ಮೇಡಂ, ಹೊರೋಕೆ ಜನ ಇರ್ಲಿಲ್ಲ. ಊರಲ್ಲಿದ್ದ ಗಂಡಸರೆಲ್ಲ ಟ್ರ್ಯಾಕ್ಟರ್ ಹತ್ಕೊಂಡು ಕೋಡಿ ನೋಡೋಕೆ ಹೋಗಿದ್ರು. ಫೋನ್ ಮಾಡಿದ್ರೆ ಬರೀ ನೀರಿನ ಸದ್ದು. ನಾನು ಅಜ್ಜ ಹೋದ್ರು ಅಂದ್ರೆ, ಆ ಕಡೆಯಿಂದ ಕರ್ಕೊಂಡ್ ಬಾ, ಕರ್ಕೊಂಡ್ ಬಾ, ಇಲ್ಲೇ ಇದೀವಿ ಅಂತಾರೆ.’

ಕೋಣೆ ತಣ್ಣಗಾಯಿತು. ಇದನ್ನು ಯಾಕೆ ಬರೆಯಲಿಲ್ಲ ಅಂದರೆ, ‘ಅದು ಕತೆಗೆ ಬೇಡ ಅಂದ್ಕೊಂಡೆ’ ಅಂದರು!

ಇಲ್ಲಿ ನಾನು ಹೇಳುವುದು ಇಷ್ಟು. ಅಜ್ಜ ಸತ್ತದ್ದೂ ಕೋಡಿ ಬಿದ್ದದ್ದೂ ಒಂದೇ ದಿನ ಅನ್ನುವುದು ಕಾಕತಾಳೀಯ. ಅದನ್ನು ಕೊನೆಯಲ್ಲಿ ಇಟ್ಟರೆ ಬರೆದವರ ಕೈ ಕಾಣುತ್ತದೆ. ಅದನ್ನೇ ಮೊದಲ ಸಾಲಿಗೆ ತನ್ನಿ. ‘ಮಾರಿಕಣಿವೆ ಕೋಡಿ ಬಿದ್ದ ದಿನ ನಮ್ಮಜ್ಜ ಸತ್ತ.’ ಯಾರೂ ತಕರಾರು ಮಾಡುವುದಿಲ್ಲ. ಸರಿ, ಆಮೇಲೆ, ಅಂತಾರೆ. ಆಮೇಲೆ ಏನು ಅನ್ನುವುದು ನಿಮ್ಮ ಹತ್ತಿರ ಇದೆಯಲ್ಲ, ಹೊರಲು ನಾಲ್ಕು ಹೆಗಲು ಸಿಗದ ಊರು. ಕತೆಗಾರ ತನ್ನ ಪಾತ್ರವನ್ನು ಕಷ್ಟಕ್ಕೆ ಸಿಕ್ಕಿಸಲು ಆಕಸ್ಮಿಕವನ್ನು ಬಳಸಬಹುದು. ಕಷ್ಟದಿಂದ ಬಿಡಿಸಲು, ಇಲ್ಲವೇ ಕತೆಯನ್ನು ಮುಗಿಸಲು ಬಳಸಿದರೆ ಓದುಗನಿಗೆ ಮೋಸ ಹೋದ ಹಾಗೆ ಆಗುತ್ತದೆ. ಇದು ಸಾಮಾನ್ಯವಾಗಿ ನಿಜ. ಜಾನಪದ ಕತೆಗಳಲ್ಲಿ ಹಾವು ರಾಜಕುಮಾರ ಆಗಬಹುದು, ಅಲ್ಲಿನ ವ್ಯವಹಾರವೇ ಬೇರೆ. ಅದನ್ನು ತೋರಿಸಿ ನನ್ನ ಜೊತೆ ಜಗಳಕ್ಕೆ ಬರಬೇಡಿ.

ಅವರು ಆಮೇಲೆ ತಿದ್ದಿ ಕಳಿಸಿದರು. ನೀರಿನ ವರ್ಣನೆ ಈಗಲೂ ಅರ್ಧ ಪುಟ ಜಾಸ್ತಿ ಇದೆ, ಬಿಡೋಕೆ ಮನಸ್ಸಿಲ್ಲ ಅವರಿಗೆ. ಇರಲಿ. ಅಷ್ಟು ವರ್ಷ ಕಾದ ನೀರು.

ನಿಜದ ಹೆಸರಿನಲ್ಲಿ ಇನ್ನೊಂದು ತೊಂದರೆ ಆಗುತ್ತದೆ. ನಡೆದದ್ದನ್ನು ಬರೆಯುತ್ತೇನೆ ಅನ್ನುವವರು ನಡೆದದ್ದನ್ನೆಲ್ಲ ಬರೆಯುವುದಿಲ್ಲ. ಮರ್ಯಾದೆಗೆ ಹೊಂದುವುದನ್ನು ಮಾತ್ರ ಬರೆಯುತ್ತಾರೆ. ಚಳ್ಳಕೆರೆ ಕಡೆಯ ಒಬ್ಬ ಹುಡುಗನ ಕತೆಯೂ ಈರುಳ್ಳಿಯದೇ. ಚಿಕ್ಕಪ್ಪ ಲಾರಿಯಲ್ಲಿ ಬೆಂಗಳೂರಿಗೆ ಹೋಗುತ್ತಾನೆ, ರೇಟು ಬಿದ್ದಿರುತ್ತದೆ, ವಾಪಸ್ ಬರುವಾಗ ಹೈವೇಯಲ್ಲಿ ಅಪಘಾತ. ರೈತನ ಬವಣೆ, ಸರ್ಕಾರದ ನಿರ್ಲಕ್ಷ್ಯ, ಎಲ್ಲ ಇತ್ತು. ಚಿಕ್ಕಪ್ಪ ಮಾತ್ರ ಇರಲಿಲ್ಲ. ಅವನ ಜಾಗದಲ್ಲಿ ಯಾವ ರೈತನನ್ನು ಕೂರಿಸಿದರೂ ನಡೆಯುತ್ತಿತ್ತು. ಟೀ ಬಿಟ್ಟಾಗ ಹುಡುಗ ತಾನಾಗೇ ಹೇಳಿದ, ಚಿಕ್ಕಪ್ಪ ಯಶವಂತಪುರದಿಂದ ಮನೆಗೆ ಫೋನ್ ಮಾಡಿ ‘ರೇಟು ಚೆನ್ನಾಗಿ ಸಿಕ್ತು’ ಅಂದಿದ್ದರಂತೆ. ಮನೆಯಲ್ಲಿ ಅವತ್ತು ಹೋಳಿಗೆ ಮಾಡಿದ್ದರಂತೆ. ಚಿಕ್ಕಮ್ಮ ಪಕ್ಕದ ಮನೆಗೂ ಕೊಟ್ಟು ಬಂದಿದ್ದರಂತೆ.

ಅಲ್ಲಪ್ಪ, ಹೋಳಿಗೆ ಬೇಯ್ತಾ ಇದೆ, ಜೇಬಲ್ಲಿ ಚೀಟಿ ಇದೆ, ಆ ಮನುಷ್ಯ ಬಸ್ಸಿನಲ್ಲೋ ಲಾರಿಯಲ್ಲೋ ಮನೆ ಕಡೆ ಬರ್ತಾ ಇದ್ದಾನೆ. ಇದಕ್ಕಿಂತ ಏನು ಬೇಕು? ಅಪಘಾತದ ಅಗತ್ಯವೇ ಇಲ್ಲ. ಅವನು ಸುರಕ್ಷಿತವಾಗಿ ಮನೆ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟರೆ ಸಾಕು, ಓದುಗನ ಎದೆ ಹೊಡೆದುಕೊಳ್ಳುತ್ತದೆ. ಹುಡುಗ ಒಪ್ಪಲಿಲ್ಲ. ‘ಚಿಕ್ಕಪ್ಪ ಸುಳ್ಳು ಹೇಳಿದ್ರು ಅಂತ ಬರೆದ್ರೆ ಮನೇಲಿ ಬೇಜಾರು ಮಾಡ್ಕೋತಾರೆ ಮೇಡಂ.’ ಸಾವನ್ನು ಬರೆಯಬಹುದು, ಆ ಸುಳ್ಳನ್ನು ಬರೆಯೋ ಹಾಗಿಲ್ಲ! ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮನೆಯವರ ಮಾನ ಕಾಯುವ ಹುಡುಗ ಒಳ್ಳೆಯ ಹುಡುಗನೇ. ಆದರೆ ಹಾಗೆ ಕಾಯುತ್ತಾ ಕೂತರೆ ಕತೆ ಬರೆಯುವುದು ಕಷ್ಟ. ಚಿಕ್ಕಪ್ಪನನ್ನು ಮಾವ ಮಾಡಬಹುದು, ಈರುಳ್ಳಿಯನ್ನು ಶೇಂಗಾ ಮಾಡಬಹುದು, ಊರು ಬದಲಾಯಿಸಬಹುದು. ಸುಳ್ಳನ್ನು ಮಾತ್ರ ಉಳಿಸಿಕೊಳ್ಳಬೇಕು.

ಇದಕ್ಕೆಲ್ಲ ನಾನು ಕಮ್ಮಟದಲ್ಲಿ ಮಾಡುವ ಉಪಾಯ ಸರಳ. ಕತೆಯನ್ನು ಬರೆದವರು ಓದುವ ಹಾಗಿಲ್ಲ. ಇನ್ನೊಬ್ಬರು ಓದುತ್ತಾರೆ. ಬರೆದವರೇ ಓದಿದರೆ ದನಿ ನಡುಗುತ್ತದೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾರೆ, ಕಾಗದದಲ್ಲಿ ಇಲ್ಲದ್ದನ್ನು ಗಂಟಲು ತುಂಬಿಕೊಡುತ್ತದೆ. ಓದಿದ ಮೇಲೆ ಬೇರೆ ಇಬ್ಬರು ಆ ಕತೆಯನ್ನು ನಾಲ್ಕೈದು ವಾಕ್ಯದಲ್ಲಿ ತಿರುಗಿ ಹೇಳಬೇಕು. ಅಲ್ಲಿಯವರೆಗೆ ಬರೆದವರು ಬಾಯಿ ಬಿಡಬಾರದು, ತಲೆ ಆಡಿಸುವುದೂ ಬೇಡ. ಅವರು ಬರೆದೆ ಅಂದುಕೊಂಡ ಕತೆಗೂ, ಈ ಇಬ್ಬರು ಹೇಳಿದ ಕತೆಗೂ ಎಷ್ಟು ದೂರ ಇದೆಯೋ ಅಷ್ಟು ಕೆಲಸ ಬಾಕಿ ಇದೆ ಅಂತ ಅರ್ಥ. ನಾನು ಬೇರೆ ವಿಮರ್ಶೆ ಮಾಡಬೇಕಾಗಿ ಬರುವುದೇ ಕಮ್ಮಿ.

ಬರೆದವರು ಸುಮ್ಮನಿರುವ ಪದ್ಧತಿ ನನ್ನದೇನಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ಬರಹಗಾರರ ಕಮ್ಮಟದ ಹೆಸರಿನ ಜೊತೆ ಅದು ತಳುಕು ಹಾಕಿಕೊಂಡಿದೆ. ಅದಕ್ಕೆ ಅಲ್ಲಿಯೇ ಈಚೆಗೆ ಸಾಕಷ್ಟು ವಿರೋಧವೂ ಬಂದಿದೆ, ಅದರಲ್ಲಿ ಹುರುಳೂ ಇದೆ. ಮೊಳಕಾಲ್ಮುರು ಕಡೆಯ ಹಟ್ಟಿಯಿಂದ ಬಂದ ಒಬ್ಬಳ ಕತೆಯಲ್ಲಿ ದೇವರ ಎತ್ತುಗಳು ಬಂದವು, ಅವನ್ನು ಕಾಯುವ ಕಿಲಾರಿ ಬಂದ. ದಾವಣಗೆರೆ ಪೇಟೆಯ ಇಬ್ಬರು ‘ದೇವರ ಎತ್ತು ಅಂದ್ರೇನು, ವಿವರಿಸಬೇಕಿತ್ತು’ ಅಂತ ಹಟ ಹಿಡಿದರು. ಅವಳಿಗೆ ಬಾಯಿ ಬಿಡುವ ಹಾಗಿಲ್ಲ! ಅಂಥ ಕಡೆ ನಾನು ನಿಯಮ ಮುರಿಯುತ್ತೇನೆ. ಮೇವಿಲ್ಲದ ವರ್ಷ ಎತ್ತುಗಳ ಮುಂದೆ ಕೈಕಟ್ಟಿ ನಿಂತ ಕಿಲಾರಿಯನ್ನು ಅವಳು ಸರಿಯಾಗಿಯೇ ತೋರಿಸಿದ್ದಳು. ಅರ್ಥವಾಗದ್ದು ಓದಿದವರ ಊರಿನ ಸಮಸ್ಯೆ, ಕತೆಯದಲ್ಲ. ಅವಳು ಒಂದು ಸಾಲೂ ಸೇರಿಸಬೇಕಾಗಿಲ್ಲ ಅಂತ ಹೇಳಿದೆ. ಪೇಟೆಯವರು ಮುಖ ಊದಿಸಿಕೊಂಡರು.

ಇನ್ನೊಂದು ಎಚ್ಚರಿಕೆಯ ಮಾತು. ಹಸಿ ದುಃಖವನ್ನು ಕಮ್ಮಟಕ್ಕೆ ತರಬೇಡಿ. ಮೊನ್ನೆ ಹೋದ ತಾಯಿಯ ಬಗ್ಗೆ ಬರೆದು ತಂದರೆ ನಾವು ವಾಕ್ಯ ತಿದ್ದುವುದೋ, ನಿಮ್ಮ ಕೈ ಹಿಡಿದುಕೊಳ್ಳುವುದೋ? ಅದನ್ನು ಬರೆಯಿರಿ, ಖಂಡಿತ ಬರೆಯಿರಿ, ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಿ. ‘ಅಮ್ಮ ಆ ದಿನ ನನಗೆ ಬೈದಿದ್ದಳು’ ಅನ್ನುವುದನ್ನೂ ಬರೆಯುವಷ್ಟು ದೂರ ಬಂದ ಮೇಲೆ ತನ್ನಿ. ಕೆಲವರಿಗೆ ಅದಕ್ಕೆ ಆರು ತಿಂಗಳು ಸಾಕು. ಕೆಲವರಿಗೆ ಆಗುವುದೇ ಇಲ್ಲ, ಅದೂ ತಪ್ಪೇನಲ್ಲ.

ಬದುಕಿರುವವರ ಬಗ್ಗೆ ಬರೆಯುವಾಗ ಗುರುತು ಅಳಿಸಿ. ಹೆಸರು ಬದಲಾಯಿಸಿದರೆ ಸಾಲದು, ಕೆಲಸ, ಮನೆ, ಮಾತಿನ ವರಸೆಯನ್ನೂ ಬದಲಾಯಿಸಬೇಕಾಗಬಹುದು. ಮಾನನಷ್ಟದ ವಿಚಾರ ನನ್ನನ್ನು ಕೇಳಬೇಡಿ, ವಕೀಲರನ್ನು ಕೇಳಿ. ಆದರೆ ಜನ ತಮ್ಮನ್ನು ತಾವು ಗುರುತು ಹಿಡಿಯುವುದು ನಾವು ಹೆದರುವಷ್ಟು ಇಲ್ಲ ಅನ್ನುವುದು ನನ್ನ ಅನುಭವ. ಹೈಸ್ಕೂಲ್ ಟೀಚರ್ ಒಬ್ಬರು ತಮ್ಮ ಅತ್ತೆಯ ಜಿಪುಣತನದ ಮೇಲೆ ಕತೆ ಬರೆದರು. ಬಳಸಿದ ಟೀ ಪುಡಿಯನ್ನು ಬಿಸಿಲಿಗೆ ಒಣಗಿಸಿ ಮತ್ತೆ ಡಬ್ಬಿಗೆ ತುಂಬುವ ಹೆಂಗಸು. ಕತೆ ಅಚ್ಚಾಯಿತು. ಅತ್ತೆಯವರೇ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಸೊಸೆ ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರಂತೆ. ‘ಚೆನ್ನಾಗಿ ಬರ್ದೀಯಮ್ಮ. ಎದುರು ಮನೆಯೋಳು ಥೇಟ್ ಹಿಂಗೇ’ ಅಂದರಂತೆ ಅತ್ತೆ.

ಮುಂದಿನ ಕಮ್ಮಟಕ್ಕೆ ಬರುವವರು ಕತೆಯನ್ನು ಮೊಬೈಲಿನಲ್ಲಿ ತೋರಿಸಬೇಡಿ, ಪ್ರಿಂಟ್ ತನ್ನಿ. ಸಾಲುಗಳ ನಡುವೆ ಜಾಗ ಬಿಡಿ, ಹಾಳೆಯ ಒಂದೇ ಬದಿ ಇರಲಿ. ಶೀರ್ಷಿಕೆಯ ಕೆಳಗೆ ‘ನೈಜ ಘಟನೆ ಆಧಾರಿತ’ ಅಂತ ಬರೆದಿದ್ದರೆ ಪ್ರಿಂಟಿಗೆ ಕೊಡುವ ಮೊದಲೇ ಅಳಿಸಿ. ಅಳಿಸಿದ ಮೇಲೆ ಇಡೀ ಕತೆಯನ್ನು ಒಂದು ಸಲ ಓದಿ. ಎಲ್ಲಾದರೂ ಒಂದು ಕಡೆ ‘ಇಲ್ಲಿ ನಂಬಲ್ಲ ಇವರು’ ಅಂತ ನಿಮಗೇ ಅನ್ನಿಸುತ್ತದೆ. ಅಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಹಾಕಿಕೊಂಡು ಬನ್ನಿ, ಬಂದ ಮೇಲೆ ಅಲ್ಲಿಂದಲೇ ಶುರು ಮಾಡೋಣ.