ಜನಸಂಖ್ಯೆ, ಹವಾಮಾನ, ಹೆಣ್ಣಿನ ಹಕ್ಕು: ಆಂಧ್ರದ ಗಡಿ ಊರು ಮಡಕಶಿರಾದಿಂದ ಪರೀಕ್ಷೆಗೆ ಓದುವವರಿಗೆ ಟಿಪ್ಪಣಿ

ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಗಾಗಿ ವಿಶ್ವಸಂಸ್ಥೆ ಮಾಡಿದ ಸೀಡಾ (CEDAW) ಒಪ್ಪಂದ 1979ರದು. ಭಾರತ ಅದಕ್ಕೆ ಒಪ್ಪಿದ್ದು 1993ರಲ್ಲಿ. ಎಷ್ಟು ಮಕ್ಕಳು, ಎಷ್ಟು ಅಂತರ ಎಂದು ತೀರ್ಮಾನಿಸುವ ಹಕ್ಕು ಗಂಡನಷ್ಟೇ ಹೆಂಡತಿಗೂ ಇದೆ: ಆ ಒಪ್ಪಂದದ 16ನೇ ವಿಧಿ. ಇಷ್ಟು ಬಾಯಿಪಾಠ ಮಾಡಿದರೆ ಸಾಕು.

ತಲೆ ತಿನ್ನುವುದು ಇದು: ಆಂಧ್ರದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು, ದೇಶದಲ್ಲಿ 2.0 (2019-21ರ ಕುಟುಂಬ ಆರೋಗ್ಯ ಸಮೀಕ್ಷೆ). 2.1 ಇದ್ದರೆ ಜನಸಂಖ್ಯೆ ಸಮ ನಿಲ್ಲಬೇಕು. ಮತ್ತೆ ದೇಶದ ಜನ ಏಕೆ ಹೆಚ್ಚುತ್ತಿದ್ದಾರೆ?

ಕಾಗದದ ಮೇಲೆ ಒಂದು ಊರು ಮಾಡಿ. ಅಜ್ಜ-ಅಜ್ಜಿಯರು 100, ಅಪ್ಪ-ಅಮ್ಮಂದಿರು 200, ಮಕ್ಕಳು 300. ಒಟ್ಟು 600. ಈ ಮಕ್ಕಳು ಬೆಳೆದು 150 ಜೋಡಿಯಾದರು, ಜೋಡಿಗೆ ಎರಡೇ ಮಕ್ಕಳು. 300 ಹುಟ್ಟಿದವು, ಹಳೆಯ 100 ಮಂದಿ ತೀರಿಕೊಂಡರು. ಈಗ 200+300+300, ಅಂದರೆ 800! ಎರಡರ ಬದಲು 1.7 ಹಾಕಿ: 255 ಮಕ್ಕಳು, ಒಟ್ಟು 755. ಆಗಲೂ ಜಾಸ್ತಿಯೇ. ಯಾರೂ ಹೆಚ್ಚು ಹೆರಲಿಲ್ಲ, ಹೆರುವ ವಯಸ್ಸಿನವರೇ ಹೆಚ್ಚಿದ್ದರು, ಅಷ್ಟೇ. ಇದಕ್ಕೆ ಮೊಮೆಂಟಮ್ ಅಂತಾರೆ. ಇನ್ನು ಟೀ ಅಂಗಡಿಯಲ್ಲಿ ಯಾರಾದರೂ "ಜನ ಜಾಸ್ತಿಯಾದ್ರು, ಅದಕ್ಕೇ ಮಳೆ ಕೆಟ್ಟಿತು" ಎಂದರೆ ಈ ಕಾಗದ ತೋರಿಸಿ. ಹವಾಮಾನ ಕೆಡಿಸುವ ಹೊಗೆಯ ಲೆಕ್ಕದಲ್ಲಿ ತಲೆ ಎಣಿಸಿದರೆ ಸಾಲದು, ಯಾರು ಎಷ್ಟು ಸುಡುತ್ತಾರೆ ಅಂತಲೂ ನೋಡಬೇಕು.

ಆದರೂ ಹೊರೆ ಹೆಣ್ಣಿನ ಮೇಲೇ. ಅದೇ ಸಮೀಕ್ಷೆಯಲ್ಲಿ, ಇಡೀ ದೇಶದಲ್ಲಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡ ಹೆಂಗಸರು ಶೇ 37.9, ಗಂಡಸರು ಶೇ 0.3. ಆಂಧ್ರದ 1994ರ ಕಾಯ್ದೆಯಂತೆ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದರೆ ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿರಲಿಲ್ಲ. ಗಂಡು ಬೇಕೆಂದು ಹಟ ಹಿಡಿದವರು ಮನೆಯವರು, ಸ್ಥಾನ ಹೋಗುತ್ತಿದ್ದುದು ಸೊಸೆಯದು. 2024ರಲ್ಲಿ ಆ ನಿಯಮ ತೆಗೆದರು, ಈಗ ಸರ್ಕಾರದವರೇ ಜಾಸ್ತಿ ಹೆರಿ ಅಂತಾರೆ. 16ನೇ ವಿಧಿಯ ಕಣ್ಣಿಗೆ ಎರಡೂ ಒಂದೇ ಜಾತಿ, ಹೆಣ್ಣಿನ ತೀರ್ಮಾನದಲ್ಲಿ ಕೈ ಹಾಕುವುದೇ.

ಹವಾಮಾನ ಕ್ರಮಕ್ಕೆ ಉದಾಹರಣೆ ಪಕ್ಕದ ಪಾವಗಡ. ಸುಮಾರು 13,000 ಎಕರೆ, 2,050 ಮೆಗಾವಾಟ್ ಸೋಲಾರ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು, ದುಡ್ಡು ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕಳೆ ಕೀಳುತ್ತಿದ್ದ ಭೂಮಿಯಿಲ್ಲದ ಹೆಂಗಸರ ಕೂಲಿ ಸುಮ್ನೆ ನಿಂತಿತು. ಸೋಲಾರ್ ಬೇಡ ಅಂತಲ್ಲ. ಯೋಜನೆ ರೂಪಿಸುವಾಗಲೇ ಹಳ್ಳಿ ಹೆಂಗಸರು ಕೂತಿರಬೇಕು ಎನ್ನುತ್ತದೆ ಸೀಡಾದ 14ನೇ ವಿಧಿ. ಹವಾಮಾನದ ವಿಷಯಕ್ಕೂ ಇದನ್ನೇ ವಿಸ್ತರಿಸುವುದು ಸೀಡಾ ಸಮಿತಿಯ 2018ರ 37ನೇ ಸಾಮಾನ್ಯ ಶಿಫಾರಸು. ಉತ್ತರದಲ್ಲಿ ಇವೆರಡನ್ನೂ ಜೊತೆಗೇ ಬರೆಯಿರಿ.